ಡೇರೆಯ ಬಾಗಿಲಲ್ಲಿ ಅಕ್ಕನ ವಯಸ್ಸು

ಬಿಸಿಲಿಗೆ ಕಾದ ತಾಡಪತ್ರಿಯ ವಾಸನೆ ಬಡಿದರೆ ಇಂದಿಗೂ ನನಗೆ ಅಕ್ಕ ನೆನಪಾಗುತ್ತಾಳೆ. ಐವತ್ತರ ದಶಕದಲ್ಲಿ ರೋಣದ ಊರಾಚೆ ನಿಲ್ಲುತ್ತಿದ್ದ ಸಿನಿಮಾ ಡೇರೆಗೆ ಅದೇ ವಾಸನೆಯಿತ್ತು. ಎಲ್ಲರೂ ನೋಡಬಹುದಾದ ಚಿತ್ರಕ್ಕೆ ‘ಯು’, ಹದಿನೆಂಟು ತುಂಬಿದವರಿಗೆ ಮಾತ್ರ ಮೀಸಲಾದ ಚಿತ್ರಕ್ಕೆ ‘ಎ’ ಎಂದು ಸರಕಾರ ಪ್ರಮಾಣಪತ್ರ ಕೊಡುತ್ತಿತ್ತು. ನಮ್ಮಲ್ಲಿ ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡೇ ಜನ ಒಳನುಗ್ಗುತ್ತಿದ್ದರು. ಆ ಸಂಜೆ ಮಾತ್ರ ತಪಾಸಣೆಯ ಅಧಿಕಾರಿಯೊಬ್ಬರು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ಚಿತ್ರ ‘ಎ’. ಹತ್ತು ವರ್ಷದ ನನ್ನನ್ನು ಕೇಳದೆಯೇ ಪಕ್ಕಕ್ಕೆ ಸರಿಸಿದರು. ನನ್ನ ಹಿಂದೆ ಅಕ್ಕ, ಅವಳ ಹಿಂದೆ ನಮ್ಮ ಸೋದರತ್ತೆ, ಅತ್ತೆಯ ಬೆನ್ನಿಗೇ ಅಕ್ಕನನ್ನು ನೋಡಲು ಹೊಳೆಆಲೂರಿನಿಂದ ಬಂದಿದ್ದ ವರನ ತಾಯಿ. ಅವರನ್ನು ಸಿನಿಮಾಕ್ಕೆ ಕರೆತಂದ ಉಪಚಾರ ಅತ್ತೆಯದೇ. ಅಕ್ಕನಿಗೆ ಆಗ ಹತ್ತೊಂಬತ್ತು. ವರನ ಕಡೆಯವರಿಗೆ ಅತ್ತೆ ಹೇಳಿದ್ದು ಹದಿನಾರು.

“ಈಕೀಗೆ ವಯಸ್ಸೆಷ್ಟ್ರಿ?” ಎಂದ ಅಧಿಕಾರಿಯ ಪಕ್ಕದಲ್ಲಿ ಟಿಕೀಟು ಹರಿಯುತ್ತಿದ್ದ ಗೇಟಿನವನು.

ಅತ್ತೆ ಹಿಂದೆ ತಿರುಗಿ ವರನ ತಾಯಿಯತ್ತ ನೋಡಿದಳು.

“ಲಗೂ ಹೇಳ್ರಿ ಅಕ್ಕಾರ, ಮಂದಿ ನಿಂತಾರ. ನೋಡಿದ್ರ ಹದಿನೆಂಟು ದಾಟಿದಂಗ ಕಾಣ್ತಾಳ.”

ವರನ ತಾಯಿ ಒಂದು ಹೆಜ್ಜೆ ಮುಂದೆ ಬಂದರು. “ಹೌದಲ್ಲ, ನನಗೂ ಹಂಗ ಅನಸ್ತು.”

“ಮೈಕಟ್ಟು ಎತ್ತರ ಐತ್ರಿ, ಅಷ್ಟ. ಖರೇ ಅಂದ್ರ ಹದಿನಾರರ ಕೂಸು,” ಎಂದಳು ಅತ್ತೆ.

“ಹಂಗಾರ ಕೂಸಿಗೆ ಹಾಲು ಕುಡಿಸಿ ಮಲಗಸ್ರಿ!” ಎಂದ ಗೇಟಿನವನು. ಸಾಲಿಗೆ ಸಾಲೇ ನಕ್ಕಿತು. ಆ ನಗೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅಕ್ಕ ಒಂದು ಮಾತು ಆಡಿದ್ದರೆ ಒಳಗಿರುತ್ತಿದ್ದಳು. ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. ಅವಳು ಅತ್ತೆಯ ಮುಖವನ್ನೊಮ್ಮೆ ನೋಡಿ ನನ್ನ ಕೈ ಹಿಡಿದು ಹೊರನಡೆದಳು. ಹಿರಿಯರಿಬ್ಬರೂ ಒಳಹೋದರು. ಡೇರೆಯ ಹಗ್ಗದ ಬಳಿ ಕುಳಿತು ನಾವು ಅರಿವೆಯಾಚೆಯ ಮಾತು, ಹಾಡು ಕೇಳಿದೆವು. ಒಳಗೆ ಜನ ನಕ್ಕಾಗಲೆಲ್ಲ ಅಕ್ಕನ ಮುಖ ಅತ್ತ ತಿರುಗುತ್ತಿತ್ತು. ಮಧ್ಯಂತರದಲ್ಲಿ ವರನ ತಾಯಿ ಅತ್ತೆಯೊಂದಿಗೆ ಬಂದು ಅವಳ ಬೊಗಸೆಗೆ ಹುರಿದ ಶೇಂಗಾ ಸುರಿದರು. “ತಿನ್ನವ್ವಾ. ಇನ್ನೂ ಸಣ್ಣಾಕಿ ನೀ.” ಸಂಬಂಧ ಕುದುರಿತೆಂದು ಅತ್ತೆಯ ಕಣ್ಣು ಹೊಳೆಯಿತು.

ಗಂಡನ ಮನೆಯಲ್ಲಿ ಅಕ್ಕ ಜೀವಮಾನವಿಡೀ ಮೂರು ವರ್ಷ ಚಿಕ್ಕವಳಾಗಿಯೇ ಬದುಕಿದಳು. ಸೊಂಟ ಹಿಡಿಯಿತೆಂದರೆ, “ಈ ವಯಸ್ಸಿಗೆ ಎಂಥಾ ನೋವ?” ಎನ್ನುತ್ತಿದ್ದರು. ಅವಳು ತಿದ್ದಲಿಲ್ಲ. ಅತ್ತೆ ಹೋದಳು, ವರನ ತಾಯಿ ಹೋದರು. ಕಡೆಗೆ ಅಕ್ಕನೂ ಹೋದಳು. ಮರಣದ ದಾಖಲೆಗೆ ಅವಳ ಮಗ ವಯಸ್ಸು ಬರೆಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಲೆಕ್ಕ ತಪ್ಪಿತ್ತು. ಸರಿಯಾದದ್ದು ಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ. ನಾನೂ ಬಾಯಿ ತೆರೆಯಲಿಲ್ಲ.