ವೆಂಡೆಲಿನ್ ಲಿಫ್ಟನ್ನು ನಿಧಾನ ಮಾಡಿಸಿದ ದಿನ

ನಮ್ಮ ಟಿರೋಲಿನ ಕಣಿವೆಯಲ್ಲಿ ವೆಂಡೆಲಿನ್‌ನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಬೇಸಿಗೆಯಲ್ಲಿ ಹಸು, ಚಳಿಗಾಲದಲ್ಲಿ ಕುರ್ಚಿಲಿಫ್ಟು. ಅವನ ಬದುಕು ಇಷ್ಟೇ. ಕೆಳಗಿನ ನಿಲ್ದಾಣದಲ್ಲಿ ನಾನು ಅವನ ಜೊತೆಗಾರ. ಸ್ಕೀ ಆಡಲು ಬಂದವರನ್ನು ಹೊತ್ತ ಕುರ್ಚಿಗಳು ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಗೋಡೆಯಂಥ ಇಳಿಜಾರಿನ ಮೇಲೆ ಸೊಂಯ್ಯೆಂದು ಏರುತ್ತಿದ್ದವು. ಯಾರು ಹೆದರಿ ಕೂಗಿದರೂ ವೇಗ ಇಳಿಸುವ ಆಸಾಮಿಯಲ್ಲ ಅವನು. ಮೇಯರ್ ತನ್ನ ಅತ್ತೆಗಾಗಿ ಕೇಳಿಕೊಂಡಾಗಲೂ, "ಹೆದ್ರಿಕೆ ಆದ್ರೆ ಕಣ್ಣು ಮುಚ್ಕೊಳ್ಳೋಕೆ ಹೇಳಿ" ಎಂದುಬಿಟ್ಟಿದ್ದ.

ಅದಕ್ಕೆ ಕಾರಣವಿತ್ತು. ಹಿಮಕುಸಿತದಲ್ಲಿ ಸತ್ತವರನ್ನು ಬೆಟ್ಟದಿಂದ ಇಳಿಸುವಾಗ ಲಿಫ್ಟನ್ನು ನಿಧಾನವಾಗಿ ಓಡಿಸುವುದು ನಮ್ಮ ರೂಢಿ. ಜೋರು ಗಾಳಿಗೆ ನಿಧಾನ ಮಾಡುವುದು ಬೇರೆ; ಗಾಳಿಯಿಲ್ಲದ ದಿನ ಕುರ್ಚಿಗಳು ತೆವಳಿದರೆ ಊರವರು ಇದ್ದಲ್ಲೇ ನಿಂತು ಟೊಪ್ಪಿ ತೆಗೆಯುತ್ತಾರೆ. ಅದನ್ನು ಕಂಡಕಂಡದ್ದಕ್ಕೆಲ್ಲ ಬಳಸಬಾರದು ಎಂಬುದು ಅವನ ಹಟ.

ಆ ಫೆಬ್ರವರಿಯಲ್ಲಿ ಅವನ ಹೆಂಡತಿ ನೋಟ್‌ಬುರ್ಗಾಳ ಶ್ವಾಸಕೋಶ ಕೈಕೊಟ್ಟಿತು. ಮುಂದಿನ ಬೇಸಿಗೆ ಕಾಣುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳಿಗೆ ಒಂದೇ ಆಸೆ: ಬೇಸಿಗೆಗಳಲ್ಲಿ ಹಸು ಮೇಯಿಸಿ ಚೀಸ್ ಮಾಡುತ್ತಿದ್ದ ಬೆಟ್ಟದ ಮೇಲಿನ ಗುಡಿಸಲನ್ನು ಒಮ್ಮೆ ನೋಡಬೇಕು. ಹಿಮ ಬಿದ್ದಾಗ ಅಲ್ಲಿಗೆ ಲಿಫ್ಟೊಂದೇ ದಾರಿ. ಆದರೆ ಆ ವೇಗಕ್ಕೆ ಮುಖಕ್ಕೆ ರಾಚುವ ಗಾಳಿಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು.

ಒಂದು ಬೆಳಿಗ್ಗೆ ವೆಂಡೆಲಿನ್ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡೇ ಬಂದ. ನನ್ನ ಮುಖ ನೋಡದೆ, "ಕಸ್ಪರ್, ನಿಧಾನ ಮಾಡೋ" ಎಂದ.

"ಜನ ಏನಂದ್ಕೋತಾರೋ ಮಾರಾಯ?"

"ಅಂದ್ಕೊಳ್ಲಿ."

"ಮೇಯರ್ ಅತ್ತೆಗೆ ಗೊತ್ತಾದ್ರೆ ನಿನ್ನ ಕಥೆ ಮುಗೀತು" ಎಂದು ನೋಟ್‌ಬುರ್ಗಾ ಏದುಸಿರಿನಲ್ಲೇ ಕಿಚಾಯಿಸಿದಳು.

ನಾನು ವೇಗ ಇಳಿಸಿದೆ. ಇಬ್ಬರನ್ನೂ ಹೊತ್ತ ಕುರ್ಚಿ ಮೆಲ್ಲಗೆ ಮೇಲೆ ಹೋಯಿತು. ಇಳಿಜಾರಿನಲ್ಲಿದ್ದ ನಮ್ಮವರು ಒಬ್ಬೊಬ್ಬರಾಗಿ ನಿಂತರು. ಮುದುಕ ಕೊರ್ಬಿನಿಯಾನ್ ಸಲಿಕೆ ಊರಿ, ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡ. ಮುಂದಿನದನ್ನು ವೆಂಡೆಲಿನ್ ಆಮೇಲೆ ಹೇಳಿದ.

"ಯಾರೋ ಹೋಗ್ಬಿಟ್ರು ಕಣೋ, ಪಾಪ" ಎಂದು ಅವಳು ಕುರ್ಚಿಯಲ್ಲೇ ಶಿಲುಬೆಯ ಗುರುತು ಮಾಡಿ ಪ್ರಾರ್ಥಿಸಿದಳಂತೆ. "ಯಾರಂತೆ?"

ಅವನು ಅವಳ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದ. ಅವಳು ಅವನ ಮುಖವನ್ನೇ ನೋಡಿದಳು.

"ಓ! ನಂಗಾ?"

ಕೆಮ್ಮು ಬರುವವರೆಗೂ ನಕ್ಕಳು. ಕಂಬಳಿಯಿಂದ ಕೈ ಹೊರತೆಗೆದು ಕೊರ್ಬಿನಿಯಾನ್‌ಗೆ ಬೀಸಿದಳು. ಮುದುಕ ಬೆಚ್ಚಿಬಿದ್ದು ಹಿಮದಲ್ಲೇ ಕೂತುಬಿಟ್ಟ.

ಮೇಲೆ ಗುಡಿಸಲು ಹೂತುಹೋಗಿತ್ತು, ಹೊಗೆಗೂಡಷ್ಟೇ ಕಾಣುತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು. "ಸಾಕು, ನಡಿ. ಇಳಿಯೋವಾಗ ಜೋರಾಗಿ ಬಿಡೋಕೆ ಹೇಳು. ಪಾಪ, ಬರಿತಲೇಲಿ ನಿಂತಿದ್ದಾರೆ, ಶೀತ ಆಗುತ್ತೆ."

"ನಿಂಗೆ ಉಸ್ರು?"

"ನಿನ್ನ ಕೋಟಿಲ್ವಾ?"

ಅವನ ಕೋಟಿನೊಳಗೆ ಮುಖ ಹುದುಗಿಸಿಕೊಂಡು ಪೂರ್ತಿ ವೇಗದಲ್ಲಿ ಇಳಿದು ಬಂದಳು. ಕುರ್ಚಿ ನಿಲ್ದಾಣಕ್ಕೆ ಬಂದಾಗ ಅವಳನ್ನು ಎತ್ತಿಕೊಳ್ಳಲು ನಾನೂ ಕೈಜೋಡಿಸಿದೆ. ತೀರಾ ಹಗುರವಾಗಿದ್ದಳು.

ಈಸ್ಟರ್‌ಗೆ ಮುಂಚೆ ಅವಳು ತೀರಿಕೊಂಡಳು. ಶವ ಚರ್ಚಿಗೆ ಹೊರಡುವ ಹೊತ್ತಿಗೆ ನಾನು ವೆಂಡೆಲಿನ್‌ಗೆ ಫೋನ್ ಮಾಡಿ, ಲಿಫ್ಟನ್ನು ನಿಧಾನ ಮಾಡಲೇ ಎಂದು ಕೇಳಿದೆ.

"ಬೇಡ ಕಣೋ, ಓಡ್ಲಿ ಬಿಡು" ಎಂದ. "ಅವಳ ಪಾಲಿನ ಮರ್ಯಾದೆ ಅವಳೇ ಕಣ್ತುಂಬಾ ನೋಡ್ಕೊಂಡು ಹೋಗಿದ್ದಾಳೆ."