ಹಸಿರು ಗೋಡೆಗೆ ಕಟ್ಟಿದ ಕೆಂಪು ದಾರ

ಫಲಕಗಳನ್ನು ನಾನು ನಂಬುವುದಿಲ್ಲ. ಶಾಸನಗಳ ತಿಥಿ-ವಾರಗಳನ್ನು ಪಂಚಾಂಗದೊಡನೆ ತಾಳೆ ನೋಡುವುದರಲ್ಲೇ ನಿವೃತ್ತನಾದವನು ನಾನು. ಕಲ್ಲಿನ ಮೇಲೆಯೇ ಸಂಶಯವಿರುವವನಿಗೆ ಬಣ್ಣ ಬಳಿದ ತಗಡಿನ ಮೇಲೆ ವಿಶ್ವಾಸ ಹುಟ್ಟೀತೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕರಲ್ಲಿ ಒಂದು ಊರಿನ ಬಸ್ ನಿಲ್ದಾಣದ ಸಂಗತಿ ಇದು. ಯಾವ ಊರೆಂದು ಹೇಳುವುದಿಲ್ಲ. (ಹೇಳಿದರೆ ಉಳಿದ ಮೂರು ಊರಿನವರು ನಿಶ್ಚಿಂತರಾಗುತ್ತಾರೆ.)

ನಿಲ್ದಾಣದ ಪಶ್ಚಿಮದ ಗೋಡೆಗೆ ಕಬ್ಬಿಣದ ಚೌಕಟ್ಟು ಬಡಿದು, ಐದು ಸಾಲು ಚೀಲಗಳಲ್ಲಿ ಗಿಡ ಇಟ್ಟು, ‘ಹಸಿರು ಗೋಡೆ’ ಎಂದು ಹೆಸರಿಟ್ಟಿದ್ದಾರೆ. ಗಿಡಗಳನ್ನು ಕಳೆದ ಶ್ರಾವಣದಲ್ಲಿ ನೆಡಲಾಯಿತು, ಪೈಪಿನ ಹನಿ ನೀರಿನಿಂದ ಅವು ಬೆಳೆಯುತ್ತಿವೆ ಎಂಬುದು ಫಲಕದ ಹೇಳಿಕೆ. ನನ್ನ ದಿನಚರಿಯ ಹೇಳಿಕೆ ಬೇರೆ. ಮಹಾನವಮಿಯಂದು ತಾಳಿಕೋಟೆ ಬಸ್ಸಿಗಾಗಿ ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ‘ಅಂಗಿಗೆ ಸುಣ್ಣ ಹತ್ತಿತು’ ಎಂದು ಬರೆದುಕೊಂಡಿದ್ದೇನೆ. ಶ್ರಾವಣದ ಗಿಡ ನವಮಿಗೆ ಸುಣ್ಣ ಹಚ್ಚುತ್ತದೆಯೇ?

ನಿಲ್ದಾಣದ ಕಂಟ್ರೋಲರರನ್ನು ಕೇಳಿದೆ. ಅವರು ನಕ್ಕರು.

‘ಬೋರ್ಡ್ ಶ್ರಾವಣದಾಗ ಬರಸಿದ್ವಿರಿ ಸರ. ಗಿಡ ಬರೂದು ತಡಾ ಆತು. ಬರಸಿದ್ದನ್ನ ಯಾಕ ಅಳಸೂದು ಅಂತ ಬಿಟ್ವಿ.’

‘ಅಂದರೆ ಗಿಡಕ್ಕಿಂತ ಫಲಕವೇ ಹಿರಿಯದು?’

‘ಇಲ್ಲಿ ಎಲ್ಲಾ ಕೆಲಸಕ್ಕೂ ಬೋರ್ಡನ ಹಿರೇ ಮಗಾರಿ!’

ಯುಗಾದಿ ಕಳೆಯಿತು. ನಮ್ಮ ಬಿಸಿಲು ನಿಮಗೆ ಗೊತ್ತಿದೆ. ಪೈಪನ್ನು ಮುಟ್ಟಿ ನೋಡಿದೆ. ಕೈ ಸುಟ್ಟಿತು, ತೇವದ ಸುಳಿವಿರಲಿಲ್ಲ. ಆದರೂ ಗಿಡಗಳೆಲ್ಲ ಮದುವೆ ಮನೆಯ ತೋರಣದಂತೆ ಹಸಿರು! ಬರಿಯ ಸಂಶಯ ಪುರಾವೆಯಲ್ಲ. ಹಸ್ತಪ್ರತಿಯ ಕಟ್ಟಿಗೆ ಬಳಸುವ ಕೆಂಪು ದಾರವನ್ನು ಮೇಲಿನ ಸಾಲಿನ ಒಂದು ಗಿಡಕ್ಕೆ ಕಟ್ಟಿದೆ. ಕೆಳಗಿನ ಸಾಲಿನ ಒಂದಕ್ಕೂ ಕಟ್ಟಿದೆ. (ಸಂಶಯದಲ್ಲೂ ಪಕ್ಷಪಾತ ಸಲ್ಲದು.)

ಮುಂದಿನ ಸೋಮವಾರ ಹೋದೆ. ಮೇಲೆ ಗಿಡವಿತ್ತು, ದಾರವಿರಲಿಲ್ಲ. ನಿಲ್ದಾಣದ ಹಿಂದಿನ ಕಸದ ಗುಂಪಿಯಲ್ಲಿ ಸಿಕ್ಕಿತು. ಒಣಗಿ ಕಡ್ಡಿಯಾದ ಗಿಡದ ಕೊರಳಲ್ಲಿ ಹಾಗೆಯೇ ಇತ್ತು.

‘ಏನ್ ಹುಡುಕಾಕತ್ತೀರಿ ಯಜಮಾನ್ರ?’

ಹುಸೇನಮ್ಮ ಕೇಳಿದರು. ಗೋಡೆಯ ಬುಡದಲ್ಲಿ, ಚಾಪೆಯ ಚಪ್ಪರದಡಿ, ಬೇಸಿಗೆಗೆ ಮೂರು ಮಣ್ಣಿನ ಹರವಿ ನೀರಿಟ್ಟು ಅರವಟ್ಟಿಗೆ ನಡೆಸುವವರು. ಇದೇ ನಿಲ್ದಾಣದಲ್ಲಿ ಹಮಾಲಿ ಮಾಡುತ್ತಿದ್ದ ಅವರ ಗಂಡ ಆರಂಭಿಸಿದ್ದು. ಅವರು ತೀರಿದ ಮೇಲೂ ಇವರು ನಿಲ್ಲಿಸಿಲ್ಲ. ಬಸ್ಸಿನ ಮೇಲೆ ಕಣ್ಣಿಟ್ಟೇ ನೀರು ಕುಡಿಯಬಹುದಾದ ಜಾಗ ಅದೊಂದೇ.

ಗೋಡೆಯ ಬಳಿಗೆ ಬಂದು ದಾರ ತೋರಿಸಿದೆ. ‘ಅಯ್ಯ, ಇಷ್ಟಕ್ಕ ಕಸಾ ಕೆದರಿದ್ರ್ಯಾ? ನನ್ನ ಕೇಳಿದ್ರ ಹೇಳ್ತಿದ್ದಿಲ್ಲೇನು? ಮ್ಯಾಲಿನ ನಾಕ ಸಾಲು ವಾರಕ್ಕೊಮ್ಮೆ ಬಸ್ಸಿನ ಮ್ಯಾಲ ಹೊಸಾವು ಬರ್ತಾವು. ಒಣಗಿದ್ದು ಹಿಂದ ಒಗೀತಾರು.’

‘ಕೆಳಗಿನ ಸಾಲು?’

‘ಅದು ನಮ್ಮದು.’

ನೋಡಿದೆ. ಕೆಳಸಾಲಿನಲ್ಲಿ ದಾರ ಕಟ್ಟಿದಲ್ಲೇ ಇತ್ತು, ಗಿಡ ಎರಡು ಎಲೆ ಹೊಸದಾಗಿ ಬಿಟ್ಟಿತ್ತು. ಅಷ್ಟರಲ್ಲಿ ನಾಲತವಾಡದ ಹಿರಿಯರೊಬ್ಬರು ನೀರು ಕುಡಿದು, ತಂಬಿಗೆಯಲ್ಲಿ ಉಳಿದುದನ್ನು ಯಾರೂ ಹೇಳದೆಯೇ ಗಿಡದ ಬುಡಕ್ಕೆ ಸುರಿದು ಬಸ್ ಹತ್ತಿದರು. ಕುಡಿದು ಉಳಿದ ನೀರನ್ನು ನೆಲಕ್ಕೆ ಚೆಲ್ಲುವುದು ನಮ್ಮಲ್ಲಿ ತಪ್ಪು. ಅದು ಗಿಡಕ್ಕೇ ಹೋಗಬೇಕು. ಪೈಪು ಮಾಡದಿದ್ದ ಕೆಲಸವನ್ನು ಈ ರೂಢಿ ಮಾಡುತ್ತಿತ್ತು.

ಆ ವಾರವೇ ಆದೇಶ ಬಂತು. ಗುರುವಾರ ಮೇಲಧಿಕಾರಿ ಗೋಡೆ ನೋಡಲು ಬರುತ್ತಾರೆ, ಹರವಿಗಳಿಂದ ಗೋಡೆಯ ಅಂದ ಕೆಡುತ್ತದೆ, ತೆಗೆಯಿರಿ! ಎರಡೂ ದಾರಗಳ ಕಥೆಯನ್ನು ಕಂಟ್ರೋಲರರಿಗೆ ವಿವರಿಸಿದೆ. ಜೀವವಿರುವ ಸಾಲು ಅದೊಂದೇ, ಅದಕ್ಕೆ ನೀರು ಇವೇ ಹರವಿಗಳದು ಎಂದೆ. ಅವರು ಈ ಬಾರಿ ನಗಲಿಲ್ಲ.

‘ಖರೇ ಐತ್ರಿ ಸರ. ಆದರ ಆ ಸಾಲು ಉಳಸ್ರಿ ಅಂತ ಬರದ ಕೊಟ್ರ, ಉಳದ ನಾಕ ಸಾಲು ಏನಾತು ಅಂತ ಕೇಳ್ತಾರಲ್ರಿ?’

ಹರವಿಗಳು ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಹೋದವು. ನೀರಿಗೆ ಹೋದರೆ ಬಸ್ ತಪ್ಪುತ್ತದೆ. ಬಸ್ಸಿಗೆ ಕಾದರೆ ಗಂಟಲು ಒಣಗುತ್ತದೆ. ಗುರುವಾರದ ಭೇಟಿ ಸಾಂಗವಾಗಿ ನೆರವೇರಿತೆಂದು ಕೇಳಿದೆ. (ಯಾರಿಂದ? ಕಂಟ್ರೋಲರರಿಂದಲೇ. ಆದುದರಿಂದ ಇದೂ ಪರಿಶೀಲನೆಗೆ ಅರ್ಹ.)

ನಿನ್ನೆ ಮತ್ತೆ ಹೋಗಿದ್ದೆ. ಐದೂ ಸಾಲು ಸಮನಾಗಿ ಹಸಿರು. ಕೆಳಸಾಲಿನಲ್ಲಿ ನನ್ನ ದಾರವಿರಲಿಲ್ಲ. ಈ ಸಲ ಕಸದ ಗುಂಪಿ ಕೆದರುವ ಅಗತ್ಯ ಬೀಳಲಿಲ್ಲ. ಒಣಗಿ ಹಿಂದೆ ಬಿದ್ದ ಗಿಡದಿಂದ ಹುಸೇನಮ್ಮ ಅದನ್ನು ಬಿಚ್ಚಿ ತಂದು ಹರವಿಯ ಕೊರಳಿಗೆ ಕಟ್ಟಿದ್ದರು. ಹರವಿ ತುಂಬಿತ್ತು. ಮಧ್ಯಾಹ್ನದ ಹೊತ್ತಿಗೂ ತುಂಬಿಯೇ ಇತ್ತು.

‘ನೀವ ಓದಿದವರು, ಹೇಳ್ರಿ ಯಜಮಾನ್ರ. ಸಾಹೇಬ್ರು ಬಂದ್ರಲ್ಲ, ಅವರು ಗಿಡಾ ಮುಟ್ಟಿ ನೋಡಿದ್ರೇನು?’

ಫಲಕದಲ್ಲಿ ಈಗ ಹೊಸದೊಂದು ಸಾಲು ಸೇರಿದೆ: ‘ಗಿಡಗಳನ್ನು ಮುಟ್ಟಬೇಡಿರಿ.’ ಇದನ್ನು ಬರೆಸಿದ್ದು ನಮಗಾಗಿಯೋ, ಸಾಹೇಬರಿಗಾಗಿಯೋ?