ಬೀರುವಿನ ಹಸಿ ರುಮಾಲು

ಬಿಳೂರಿನ ಬೀರು ಕುರಿ ವ್ಯಾಪಾರಿ. ಉರಿಬಿಸಿಲಿನಲ್ಲೂ ಬೈಕಿನ ಮೇಲೆ ಊರೂರು ಸುತ್ತುತ್ತಾನೆ. ಹೆಲ್ಮೆಟ್ಟಿನಲ್ಲಿ ಮನೆಯ ಕೋಳಿ ಕಾವು ಕೂತಿದೆ. ಇವನ ತಲೆಗೆ ರುಮಾಲೇ ಗತಿ. ದಾರಿಯಲ್ಲಿ ಯಾರದಾದರೂ ಅಂಗಳದಲ್ಲಿ ನಿಂತು ಅದರ ಮೇಲೆ ಒಂದು ತಂಬಿಗೆ ನೀರು ಹೊಯ್ಯಿಸಿಕೊಂಡರೆ ಮುಂದಿನ ಹಾದಿಯೆಲ್ಲ ತಂಪೋ ತಂಪು.

ಮೊನ್ನೆ ಕರಜಗಿಯ ಸಂಗವ್ವನ ಮನೆಯ ಮುಂದೆ ಕಣ್ಣು ಮುಚ್ಚಿ ತಲೆ ಬಗ್ಗಿಸಿದ. "ಹಾಕ್ರಿ ಅಕ್ಕಾರ!"

ಆಹಾ, ಎಂಥಾ ತಂಪು! ಕಣ್ಣು ತೆರೆದರೆ ಮೈಯೆಲ್ಲ ಮಜ್ಜಿಗೆ.

"ಇದೇನ್ರಿ?"

"ಬಿಸಲಾಗ ಬಂದವರಿಗೆ ಬರೇ ನೀರ ಹೆಂಗ ಕೊಡೂದು ತಮ್ಮಾ? ನಮ್ಮ ಮನ್ಯಾಗ ಆ ರೂಢಿ ಇಲ್ಲ."

ಮರುದಿನ ಬೀರು ಹೋಗಬೇಕಾದದ್ದು ಬೇರೆ ಊರಿಗೆ. ಆದರೂ ಸುತ್ತು ಹಾಕಿಕೊಂಡು ಬಂದು ಅದೇ ಅಂಗಳದಲ್ಲಿ ತಲೆ ಬಗ್ಗಿಸಿದ.

"ಅಕ್ಕಾರ, ಇವತ್ತ ಉಪ್ಪ ಬ್ಯಾಡ್ರಿ. ಕಣ್ಣ ಉರಿತಾವ!"